ಚೀಟಿಯಲ್ಲಿ ಬರೆದಿಟ್ಟದ್ದು ನಿಜವಾದದ್ದು ಹೇಗೆ?

ಶಿವರಾತ್ರಿಯ ಜಾಗರಣೆಗೆ ನಮ್ಮ ಮನೆಯಲ್ಲಿ ಒಂದು ರಿಯಾಯಿತಿ ಉಂಟು. ವರ್ಷವಿಡೀ ಇಸ್ಪೀಟಿನ ಹೆಸರೆತ್ತಿದರೆ ಮುಖ ಗಂಟಿಕ್ಕುವ ನಮ್ಮ ಅತ್ತೆಯವರು ಆ ಒಂದು ರಾತ್ರಿ ಮಾತ್ರ, "ದುಡ್ಡು ಕಟ್ಟೋ ಹಾಗಿಲ್ಲ, ನೋಡಿ ಮತ್ತೆ!" ಎಂದು ಎಚ್ಚರಿಸಿ ಸುಮ್ಮನಾಗುತ್ತಾರೆ. ದೇವಸ್ಥಾನಕ್ಕೆ ಹೋಗಿ ಬಂದು, ತಂಬಿಟ್ಟು, ಹಣ್ಣು, ಹಾಲು ಮುಗಿಸಿದ ಮೇಲೆ ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡು ಕೂರುವುದು ಸುಲಭದ ಮಾತೇ? ಚೌಕಾಬಾರ ಹನ್ನೊಂದು ಗಂಟೆಗೇ ಬೇಸರವಾಯಿತು. ಮಗಳು ಗೋಡೆಗೊರಗಿ ತೂಕಡಿಸತೊಡಗಿದಳು.

ಹಬ್ಬಕ್ಕೆಂದು ಬಂದಿದ್ದ ನನ್ನ ಮೈದುನ ಆಗ ಚೀಲದಿಂದ ಒಂದು ಇಸ್ಪೀಟು ಪ್ಯಾಕು ತೆಗೆದ. ಅವನು ಬೇರೆ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಂದು ಕಾಗದದ ಚೂರಿನಲ್ಲಿ ಏನೋ ಗೀಚಿ, ನಾಲ್ಕು ಮಡಿಕೆ ಮಾಡಿ, "ಅತ್ತಿಗೆ, ಇದನ್ನ ನಿಮ್ಮ ಕುಂಕುಮದ ಬಟ್ಟಲಿನ ಕೆಳಗೆ ಇಡಿ. ಯಾರೂ ಮುಟ್ಟಬಾರದು. ಈಗ ಏನಾಗತ್ತೆ ಅನ್ನೋದನ್ನ ಮೊದಲೇ ಬರೆದಿದ್ದೀನಿ" ಎಂದ.

ಮಡಿಸಿದ ಆ ಚೀಟಿಯನ್ನು ಕೈಗೆ ತೆಗೆದುಕೊಂಡಾಗ ನನ್ನೆದೆ ಧಸಕ್ಕೆಂದಿತು. ಕಾರಣ ಆಮೇಲೆ ಹೇಳುತ್ತೇನೆ.

"ಅಮ್ಮಾ, ನಿನಗೆ ಕೆಂಪು. ಅಣ್ಣಾ, ನಿನಗೆ ಕಪ್ಪು. ಆಟೀನು, ಡೈಮನ್ ಬಂದರೆ ಕೆಂಪು. ಇಸ್ಪೀಟು, ಕಳಾವರ್ ಬಂದರೆ ಕಪ್ಪು. ಎಲೆ ನೀವೇ ಕಲಸಿ. ನಾನು ಮುಟ್ಟೋದಿಲ್ಲ."

ಅತ್ತೆಯವರು ಕಲಸಿದರು. ಇವರು ಇನ್ನೊಮ್ಮೆ ಕಲಸಿದರು. ಮಗಳು ಎದ್ದು ಬಂದು, ಎಲ್ಲ ಎಲೆಗಳನ್ನೂ ಚಾಪೆಯ ಮೇಲೆ ಹರಡಿ, ಮೊರದಲ್ಲಿ ಅಕ್ಕಿ ಆಡಿಸುವಂತೆ ಆಡಿಸಿ ಒಟ್ಟುಮಾಡಿದಳು. ಆಮೇಲೆ ಮೈದುನ ಹೇಳಿದಂತೆ ಮೇಲಿನಿಂದ ಎರಡೆರಡೇ ಎಲೆ ತೆಗೆದು ಮಗುಚುತ್ತಾ ಹೋದಳು. ಎರಡೂ ಕೆಂಪಾದರೆ ಅಜ್ಜಿಗೆ. ಎರಡೂ ಕಪ್ಪಾದರೆ ಅಪ್ಪನಿಗೆ. ಒಂದು ಕೆಂಪು, ಒಂದು ಕಪ್ಪು ಬಂದರೆ ಅದು ಬೆರಕೆ ಜೋಡಿ. ಯಾರಿಗೂ ಇಲ್ಲ, ಪಕ್ಕಕ್ಕೆ.

ಎಲೆಗಳೆಲ್ಲ ಮುಗಿದವು. ಎಣಿಸಿದಾಗ ಅತ್ತೆಯವರ ಬಳಿ 14, ಇವರ ಬಳಿ 10. ಬಟ್ಟಲೆತ್ತಿ ಚೀಟಿ ಬಿಡಿಸಿದೆ. "ಕೆಂಪಿನವರಿಗೆ ಕಪ್ಪಿನವರಿಗಿಂತ 4 ಎಲೆ ಹೆಚ್ಚು" ಎಂದು ಬರೆದಿತ್ತು.

"ಏನೋ ಅದೃಷ್ಟ, ಹೊಡೀತು ಬಿಡು" ಎಂದರು ಇವರು. ಮೈದುನ ನಕ್ಕು ಎಲೆಗಳನ್ನು ಒಟ್ಟುಮಾಡಿದ. ಡಬ್ಬಿಗೆ ಹಾಕಿದಂತೆ ಮಾಡಿ ಮತ್ತೆ ತೆಗೆದ. ಇನ್ನೊಂದು ಚೀಟಿ ಬರೆದ. ಮತ್ತೆ ಎಲ್ಲರೂ ಕಲಸಿದರು. ಈ ಸಲ ಅತ್ತೆಯವರಿಗೆ 12, ಇವರಿಗೂ 12. ಚೀಟಿಯಲ್ಲಿ ಒಂದೇ ಮಾತು: "ಇಬ್ಬರಿಗೂ ಸಮ."

ಮಗಳ ನಿದ್ದೆ ಹಾರಿಹೋಯಿತು. ನನ್ನದೂ ಕೂಡ.

ಗುಟ್ಟು ಬಿಚ್ಚಿದವರು ಯಾರು?

"ಹೇಳೋ, ಹೇಗೆ ಮಾಡಿದೆ?" ಎಂದು ಇವರು ಎಷ್ಟು ಕೇಳಿದರೂ ಮೈದುನ ಬಾಯಿ ಬಿಡಲಿಲ್ಲ. "ಬೆಳಗಿನವರೆಗೂ ಟೈಮಿದೆಯಲ್ಲ, ನೀವೇ ಹುಡುಕಿ" ಎಂದುಬಿಟ್ಟ.

ನಮ್ಮ ಮಗಳು ಎಂಟನೇ ತರಗತಿ. ಗಣಿತವೆಂದರೆ ಅವಳಿಗೆ ಹೊಟ್ಟೆನೋವು ಬರುತ್ತದೆ. ಅದರಲ್ಲೂ ಬೀಜಗಣಿತದ ಎಕ್ಸ್ ಕಂಡರೆ ಅಳು. ಅಂಥವಳು ಆ ರಾತ್ರಿ ಹಳೆಯ ನೋಟ್ ಪುಸ್ತಕ ತಂದು, ಮೊದಲ ಆಟವನ್ನೇ ಇನ್ನೂ ಎರಡು ಸಲ ಆಡಿಸಿ ಲೆಕ್ಕ ಬರೆದುಕೊಂಡಳು. ಮೊದಲ ಸಲ ಬೆರಕೆ ಜೋಡಿ 12; ಕೆಂಪು 14, ಕಪ್ಪು 10. ಮುಂದಿನ ಸಲ ಬೆರಕೆ ಜೋಡಿ 10. ಕೆಂಪು 16, ಕಪ್ಪು 12. ಅದರ ಮುಂದಿನ ಸಲ ಬೆರಕೆ ಜೋಡಿ 14. ಕೆಂಪು 12, ಕಪ್ಪು 8. ಪ್ರತಿ ಸಲವೂ ಅಂಕಿಗಳು ಬೇರೆ, ವ್ಯತ್ಯಾಸ ಮಾತ್ರ ಅದೇ 4.

ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ, "ಚಿಕ್ಕಪ್ಪಾ! 12 ಬೆರಕೆ ಜೋಡಿ ಅಂದ್ರೆ 24 ಎಲೆ. ಅಜ್ಜೀದು 14, ಅಪ್ಪಂದು 10. ಒಟ್ಟು 48. ಪ್ಯಾಕಲ್ಲಿ 52 ಇರ್ಬೇಕಲ್ವಾ? ನಾಲ್ಕು ಎಲೆ ಎಲ್ಲಿ?" ಎಂದಳು.

ಮೈದುನ ಡಬ್ಬಿಯನ್ನು ಕೊಡವಿದ. ನಾಲ್ಕು ಕಪ್ಪು ಎಲೆ ಚಾಪೆಗೆ ಬಿದ್ದವು. ಅಂದರೆ ಮೊದಲ ಆಟದಲ್ಲಿ ಕೆಂಪು 26, ಕಪ್ಪು 22 ಮಾತ್ರ ಇದ್ದವು. 'ಸಮ' ಎಂದ ಆಟಕ್ಕೆ ಮುಂಚೆ ಆ ನಾಲ್ಕನ್ನೂ ಗುಟ್ಟಾಗಿ ಸೇರಿಸಿ 26, 26 ಮಾಡಿದ್ದ. ಮಗಳು ಮತ್ತೆ ಆಡಿಸುವಾಗ ಪುನಃ ಡಬ್ಬಿಯಲ್ಲೇ ಉಳಿಸಿಕೊಂಡಿದ್ದ.

"ಸರಿ, ನಾಲ್ಕು ಕಮ್ಮಿ ಇಟ್ಟಿದ್ದೆ. ಆದರೆ ಅಷ್ಟೆಲ್ಲ ಕಲಸಿದ ಮೇಲೂ ಕೊನೆಗೆ ನಾಲ್ಕೇ ವ್ಯತ್ಯಾಸ ಯಾಕೆ ಬರ್ಬೇಕು? ಮೂರೋ ಐದೋ ಎಂಟೋ ಯಾಕೆ ಬರಬಾರದು?" ಎಂದು ಇವರು ಪಟ್ಟು ಹಿಡಿದರು. ನ್ಯಾಯವಾದ ಪ್ರಶ್ನೆಯೇ.

ಇದಕ್ಕೆ ಉತ್ತರ ಹೊಳೆದದ್ದು, ಹೇಳಿದರೆ ನಗಬೇಡಿ, ನನಗೆ! ಮದುವೆ ಮನೆಯ ಪಂಕ್ತಿ ನೆನಪಿಗೆ ಬಂತು. ಗಂಡಿನ ಕಡೆಯವರು 26 ಜನ, ಹೆಣ್ಣಿನ ಕಡೆಯವರು 22 ಜನ ಇದ್ದಾರೆ ಎಂದುಕೊಳ್ಳಿ. ಬಾಗಿಲಲ್ಲಿ ಇಬ್ಬಿಬ್ಬರನ್ನೇ ಒಳಗೆ ಬಿಡುತ್ತೀರಿ. ಇಬ್ಬರೂ ಗಂಡಿನ ಕಡೆಯವರಾದರೆ ಬಲಗಡೆ ಪಂಕ್ತಿ. ಇಬ್ಬರೂ ಹೆಣ್ಣಿನ ಕಡೆಯವರಾದರೆ ಎಡಗಡೆ ಪಂಕ್ತಿ. ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು ಜೊತೆಯಾಗಿ ಬಂದರೆ ಮಹಡಿಯ ಪಂಕ್ತಿ. ಈಗ ಯೋಚಿಸಿ. ಮಹಡಿ ಹತ್ತುವ ಪ್ರತಿ ಜೋಡಿಯಲ್ಲೂ ಗಂಡಿನ ಕಡೆಯ ಒಬ್ಬರು ಹೋದರೆ ಹೆಣ್ಣಿನ ಕಡೆಯ ಒಬ್ಬರೂ ಹೋದರು. ಎರಡು ಕಡೆಯಿಂದಲೂ ಸಮಸಮವಾಗಿ ಖಾಲಿಯಾಗುತ್ತಾರೆ. ಮಹಡಿಗೆ ಎರಡೇ ಜೋಡಿ ಹೋಗಲಿ, ಇಪ್ಪತ್ತು ಜೋಡಿ ಹೋಗಲಿ, ಕೆಳಗೆ ಉಳಿದವರಲ್ಲಿ ಗಂಡಿನ ಕಡೆಯವರು ನಾಲ್ಕು ಜನ ಹೆಚ್ಚಾಗಿಯೇ ಇರುತ್ತಾರೆ!

"ಅಮ್ಮಾ, ಒಂದು ನಿಮಿಷ" ಎಂದು ಮಗಳು ಬರೆದಳು. ಬೆರಕೆ ಜೋಡಿ ಎಷ್ಟು ಅಂತ ಗೊತ್ತಿಲ್ಲ, ಎಕ್ಸ್ ಇರಲಿ. ಕೆಂಪಿನಲ್ಲಿ ಉಳಿಯುವುದು 26ರಲ್ಲಿ ಎಕ್ಸ್ ಕಳೆದಷ್ಟು. ಕಪ್ಪಿನಲ್ಲಿ ಉಳಿಯುವುದು 22ರಲ್ಲಿ ಎಕ್ಸ್ ಕಳೆದಷ್ಟು. ಒಂದರಲ್ಲಿ ಇನ್ನೊಂದನ್ನು ಕಳೆದರೆ ಎರಡು ಎಕ್ಸೂ ಹೊಡೆದುಹೋಗಿ 4 ಉಳಿಯಿತು. "ಎಕ್ಸ್ ಎಷ್ಟಾದ್ರೂ ಆಗ್ಲಿ ಚಿಕ್ಕಪ್ಪಾ, ನಮಗೆ ಬೇಕಾಗೇ ಇಲ್ಲ!" ಎಂದು ಕುಣಿದಳು. ಗಣಿತದಲ್ಲಿ ಎಕ್ಸ್ ಇರುವುದೇ ಇದಕ್ಕೆಂದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲದೆಯೇ ಇಟ್ಟುಕೊಂಡು ಮುಂದೆ ಹೋಗಲಿಕ್ಕೆಂದು, ಮೈದುನ ಅವಳಿಗೆ ನಿಧಾನವಾಗಿ ಹೇಳಿದ. ಎಂಟು ತಿಂಗಳಿನಿಂದ ತಲೆಗೆ ಹತ್ತದಿದ್ದದ್ದು ಚಾಪೆಯ ಮೇಲೆ ಹತ್ತಿತು.

ನೀವೂ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒಂದು ಪೂರ್ತಿ ಇಸ್ಪೀಟು ಪ್ಯಾಕು, ಅದರ ಡಬ್ಬಿ, ಎರಡು ಚೂರು ಕಾಗದ, ಪೆನ್ಸಿಲು. ನೋಡಲು ಮೂರು ನಾಲ್ಕು ಜನ.

ಮೊದಲ ತಯಾರಿ: ಜೋಕರುಗಳನ್ನು ತೆಗೆದುಹಾಕಿ. ಉಳಿದದ್ದನ್ನು ಎಣಿಸಿ. ಕೆಂಪು 26, ಕಪ್ಪು 26 ಇರಲೇಬೇಕು. ಯಾರಿಗೂ ಕಾಣದಂತೆ ಯಾವುದಾದರೂ ನಾಲ್ಕು ಕಪ್ಪು ಎಲೆ ತೆಗೆದು ಡಬ್ಬಿಯಲ್ಲೇ ಬಿಡಿ.

ಮಾಡುವ ಕ್ರಮ: "ಕೆಂಪಿನವರಿಗೆ 4 ಎಲೆ ಹೆಚ್ಚು" ಎಂದು ಬರೆದು ಚೀಟಿಯನ್ನು ಯಾರದಾದರೂ ಕೈಗೆ ಕೊಡಿ. ಕೆಂಪು ಯಾರಿಗೆ, ಕಪ್ಪು ಯಾರಿಗೆ ಎಂಬುದನ್ನು ಅವರೇ ಆರಿಸಿಕೊಳ್ಳಲಿ. ಎಷ್ಟು ಸಲ ಬೇಕಾದರೂ ಕಲಸಲಿ. ಎರಡೆರಡೇ ಎಲೆ ಮಗುಚಿ, ಕೆಂಪು ಜೋಡಿ, ಕಪ್ಪು ಜೋಡಿ, ಬೆರಕೆ ಜೋಡಿ ಎಂದು ಮೂರು ರಾಶಿ ಮಾಡಿಸಿ. ಎಣಿಸಿದ ಮೇಲೆ ಚೀಟಿ ಬಿಡಿಸಿ.

ಎರಡನೇ ಸಲ: ಎಲೆಗಳನ್ನು ಒಮ್ಮೆ ಡಬ್ಬಿಗೆ ತುಂಬಿ, ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆಯಿರಿ. ನಾಲ್ಕು ಎಲೆ ತಾವಾಗಿಯೇ ಸೇರಿಕೊಳ್ಳುತ್ತವೆ. ಚೀಟಿಯಲ್ಲಿ "ಸಮ" ಎಂದು ಬರೆಯಿರಿ. ಮೂರನೇ ಸಲ ಮಾಡಲು ಹೋಗಬೇಡಿ, ಸಿಕ್ಕಿಬೀಳುತ್ತೀರಿ.

ಒಂದು ಎಚ್ಚರಿಕೆ: ಎಲೆ ಎಣಿಸುವುದನ್ನು ಮಾತ್ರ ಮರೆಯಬೇಡಿ. ಮುಂದಿನ ತಿಂಗಳು ನಮ್ಮ ಮಹಿಳಾ ಸಮಾಜದಲ್ಲಿ ಇದನ್ನು ಬಲು ಜಂಬದಿಂದ ಮಾಡಲು ಹೋದೆ. ಕೊನೆಗೆ ಒಂದು ಕೆಂಪು ಎಲೆ ಜೊತೆಯಿಲ್ಲದೆ ಒಂಟಿಯಾಗಿ ಉಳಿಯಿತು. ವ್ಯತ್ಯಾಸ ಬಂದದ್ದು 2! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬಂದು ನೋಡಿದರೆ ಆಟೀನು ರಾಣಿ ಚಾಪೆಯ ಸುರುಳಿಯೊಳಗೆ ಮಲಗಿದ್ದಳು. ಉಪ್ಪು ಹಾಕದ ಸಾರಿನಂತೆ, ಎಣಿಸದ ಪ್ಯಾಕು.

ಇಸ್ಪೀಟು ಬೇಡವೆನ್ನುವ ಮನೆಯಲ್ಲಿ 26 ಕಡಲೆಬೀಜ, 22 ಹುಣಿಸೆಬೀಜ ಒಂದು ಚೀಲಕ್ಕೆ ಹಾಕಿ, ನೋಡದೆ ಎರಡೆರಡೇ ತೆಗೆದರೂ ಅಷ್ಟೇ ಸರಿಯಾಗಿ ಬರುತ್ತದೆ.

ಒಂದು ಪುಟ್ಟ ಊರಿನ ಯೋಚನೆ

ಇಷ್ಟು ಸರಳವಾದದ್ದನ್ನು ಯೋಚಿಸಿದವರಾರು? ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ, ಸೇಂಟ್ ಕ್ಲೇರ್ ನದಿಯ ದಂಡೆಯ ಮೇಲೆ ಕೋರ್ಟ್‌ರೈಟ್ ಎಂಬ ಊರಿದೆ. ನಮ್ಮ ನಿಮ್ಮ ಊರುಗಳಿಗಿಂತಲೂ ಚಿಕ್ಕದು. ಆ ಊರಿನ ಸ್ಟುವರ್ಟ್ ಜೇಮ್ಸ್ (1908–1996) ಇದನ್ನು 'ಮಿರಾಸ್ಕಿಲ್' ಎಂಬ ಹೆಸರಿನಲ್ಲಿ 1936ರಲ್ಲಿ 'ಜಿಂಕ್ಸ್' ಎಂಬ ಜಾದೂಗಾರರ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದಿನಿಂದ ದೇಶದೇಶಗಳ ಜಾದೂಗಾರರು ಇದನ್ನು ನೂರು ವೇಷದಲ್ಲಿ ಮಾಡುತ್ತಿದ್ದಾರೆ. ಕೈಚಳಕ ಬೇಕಿಲ್ಲ, ತೋಳಿನಲ್ಲಿ ಎಲೆ ಬಚ್ಚಿಡಬೇಕಿಲ್ಲ. ಲೆಕ್ಕವೇ ಎಲ್ಲ ಕೆಲಸ ಮಾಡುತ್ತದೆ.

52 ಎಲೆಗಳನ್ನು ಎಷ್ಟು ಬಗೆಯ ಕ್ರಮದಲ್ಲಿ ಜೋಡಿಸಬಹುದು ಗೊತ್ತೇ? 8 ಬರೆದು ಅದರ ಮುಂದೆ 67 ಸೊನ್ನೆ ಹಾಕಿದರೆ ಸುಮಾರಾಗಿ ಆ ಸಂಖ್ಯೆ ಬರುತ್ತದೆ. ಅಮೆರಿಕದ ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು ಹದಿನಾಲ್ಕನೇ ವಯಸ್ಸಿನಲ್ಲಿ ಹೆಸರಾಂತ ಜಾದೂಗಾರ ಡೈ ವರ್ನನ್ ಜೊತೆ ಮನೆಬಿಟ್ಟು ಹೊರಟವರು. ಮುಂದೆ ದೊಡ್ಡ ವಿಶ್ವವಿದ್ಯಾಲಯದ ಪ್ರೊಫೆಸರರಾದರು. ಪ್ಯಾಕನ್ನು ಎರಡು ಪಾಲು ಮಾಡಿ, ಅಂಚುಗಳನ್ನು ಪಟಪಟನೆ ಒಂದರೊಳಗೊಂದು ಬೀಳಿಸಿ ಕಲಸುವ ಕ್ರಮವಿದೆಯಲ್ಲ, ಹಾಗೆ ಏಳು ಸಲ ಕಲಸಿದರೆ ಎಲೆಗಳು ಚೆನ್ನಾಗಿ ಬೆರೆತಂತೆ ಎಂದು ಅವರೂ ಡೇವ್ ಬೇಯರ್ ಎಂಬುವರೂ ಸೇರಿ 1992ರಲ್ಲಿ ತೋರಿಸಿದರು. ಆದರೆ ನೀವು ಏಳು ಸಲ ಅಲ್ಲ, ಎಪ್ಪತ್ತು ಸಲ ಕಲಸಿ. ಕೆಂಪು 26, ಕಪ್ಪು 22 ಎಂಬುದು ಮಾತ್ರ ಕಲಸಿಹೋಗುವುದಿಲ್ಲ. ಚೀಟಿ ಬರೆದವನು ಮುಂದಾಗುವುದನ್ನು ಕಂಡವನಲ್ಲ. ಬದಲಾಗಲಾರದ್ದು ಯಾವುದು ಎಂದು ತಿಳಿದವನು, ಅಷ್ಟೆ.

"ಇಸ್ಪೀಟಿನಲ್ಲೂ ವಿದ್ಯೆ ಇದೆ ಅಂತೀಯಾ?" ಎಂದು ಅತ್ತೆಯವರು ಕೇಳಿದ್ದಕ್ಕೆ ಮೈದುನ ಇಬ್ಬರ ಹೆಸರು ಹೇಳಿದ. ಒಬ್ಬರು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಗಂಜೀಫಾ ಎಲೆಗಳಲ್ಲಿ ಆಡುವ ಹೊಸ ಹೊಸ ಆಟಗಳನ್ನೇ ಅವರು ರಚಿಸಿದ್ದರು. ದೇವದೇವತೆಗಳ ಚಿತ್ರ ಬರೆದ ಮೈಸೂರು ಗಂಜೀಫಾ ಎಲೆಗಳಿಗೆ ಇಂದಿಗೂ ಹೆಸರಿದೆ. ಇನ್ನೊಬ್ಬರು 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ. ತಂದೆ ಸರ್ಕಸ್ಸಿನಲ್ಲಿದ್ದವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಜಾದೂ ಒಂದನ್ನು ಹೇಳಿಕೊಡುತ್ತಿದ್ದಾಗಲೇ ಅವಳ ಅಂಕಿಯ ನೆನಪು ಎಂಥದೆಂದು ಅವರಿಗೆ ತಿಳಿದದ್ದು. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಅದೇ ಹುಡುಗಿ ಮುಂದೆ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು ಬಾಯಲ್ಲೇ 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. ನಮ್ಮ ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು.

ನನ್ನ ಓಲೆಯ ಕಥೆ

ಈಗ ನನ್ನೆದೆ ಧಸಕ್ಕೆಂದ ಕಾರಣ.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಒಬ್ಬಾತ ಬಾಗಿಲಿಗೆ ಬಂದಿದ್ದ. ಬಿಳೀ ಪಂಚೆ, ಶಲ್ಯ, ನಯವಾದ ಮಾತು. ಮಗಳಿಗೆ ಆಗ ಹದಿನೈದು ದಿನದಿಂದ ಬಿಟ್ಟು ಬಿಟ್ಟು ಜ್ವರ. ನನಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಅವನು ಏನನ್ನೂ ಕೇಳಲಿಲ್ಲ. ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟು ಮುಷ್ಟಿ ಮುಚ್ಚಿಸಿದ.

"ತಾಯೀ, ನಿಮ್ಮ ಮನಸ್ಸಿಗೆ ಹತ್ತಿರವಾದ ಒಂದು ಸಂಖ್ಯೆ ನೆನೆಸಿಕೊಳ್ಳಿ. ನನಗೆ ಹೇಳಬೇಡಿ."

ನಮ್ಮಮ್ಮ ತೀರಿಕೊಂಡ ತಾರೀಖು 17. ಅದನ್ನೇ ನೆನೆಸಿಕೊಂಡೆ.

"ಗ್ರಹಗಳು ಒಂಬತ್ತು. ಅದಕ್ಕೇ ಒಂಬತ್ತರಿಂದ ಗುಣಿಸಿ. ಬಂದ ಉತ್ತರದ ಅಂಕಿಗಳನ್ನ ಕೂಡಿ. ಎರಡಂಕಿ ಬಂದರೆ ಮತ್ತೆ ಕೂಡಿ, ಒಂದೇ ಅಂಕಿ ಆಗೋವರೆಗೂ."

ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಮಾಡಿದೆ. 17 ಒಂಬತ್ತಲಿ 153. ಒಂದು, ಐದು, ಮೂರು ಕೂಡಿದರೆ 9. ಚೀಟಿ ಬಿಡಿಸಿದರೆ, 9! ನಮ್ಮಮ್ಮನ ತಾರೀಖು ಇವನಿಗೆ ಹೇಗೆ ಗೊತ್ತು ಎಂದು ಮೈ ಜುಮ್ಮೆಂದಿತು. "ಮಗುವಿನ ಮೇಲೆ ಒಂಬತ್ತರ ದೋಷ ಇದೆ, ಬಂಗಾರ ಬಿಡಬೇಕು" ಎಂದ. ತವರಿನಲ್ಲಿ ಅಮ್ಮ ಮಾಡಿಸಿಕೊಟ್ಟಿದ್ದ ಓಲೆ ಬಿಚ್ಚಿ ಕೊಟ್ಟುಬಿಟ್ಟೆ. ಮಗಳ ಜ್ವರವನ್ನು ಇಳಿಸಿದ್ದು ನಮ್ಮ ಡಾಕ್ಟರು ಕೊಟ್ಟ ಔಷಧಿ. ಇವರಿಗೆ ಮಾತ್ರ, ಬಟ್ಟೆ ಒಗೆಯುವಾಗ ಓಲೆ ಕಳಚಿ ಎಲ್ಲೋ ಹೋಯಿತು ಎಂದು ಸುಳ್ಳು ಹೇಳಿದೆ. ಪಾಪ, ಹಿತ್ತಿಲ ಮೋರಿಯ ಕೆಸರೆಲ್ಲ ಕೈಹಾಕಿ ಹುಡುಕಿದ್ದರು.

ಶಿವರಾತ್ರಿಯ ಆ ರಾತ್ರಿ ಎಲ್ಲರೂ ಇಸ್ಪೀಟಿನ ಗುಟ್ಟಿಗೆ ನಗುತ್ತಿದ್ದಾಗ ನನ್ನ ತಲೆಯಲ್ಲಿ ಆ 9 ತಿರುಗುತ್ತಿತ್ತು. ಅಲ್ಲೂ ಬದಲಾಗದ್ದು ಏನಾದರೂ ಇದ್ದಿರಬಹುದೇ? ಅಡಿಗೆಮನೆಗೆ ಹೋಗಿ, ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬೇರೆ ಬೇರೆ ಸಂಖ್ಯೆ ಗುಣಿಸಿ ನೋಡಿದೆ. 5 ಒಂಬತ್ತಲಿ 45. ನಾಲ್ಕು ಐದು ಕೂಡಿ 9. 11 ಒಂಬತ್ತಲಿ 99; ಕೂಡಿದರೆ 18, ಮತ್ತೆ ಕೂಡಿದರೆ 9. 38 ಒಂಬತ್ತಲಿ 342, ಕೂಡಿ 9. ನಾನು ಏನು ನೆನೆಸಿಕೊಂಡಿದ್ದರೂ 9 ಬರುತ್ತಿತ್ತು!

ಏಕೆಂದು ಮೈದುನ ಚಿಲ್ಲರೆ ಲೆಕ್ಕದಲ್ಲಿ ಹೇಳಿಕೊಟ್ಟ. 153 ರೂಪಾಯಿಯನ್ನು ಒಂಬತ್ತೊಂಬತ್ತರ ಕಟ್ಟು ಕಟ್ಟಬೇಕು. ನೂರು ರೂಪಾಯಿಯಲ್ಲಿ ಹನ್ನೊಂದು ಕಟ್ಟು ಆಗಿ 1 ಉಳಿಯುತ್ತದೆ. ಒಂದೊಂದು ಹತ್ತರಲ್ಲೂ ಒಂದೊಂದು ಕಟ್ಟು ಆಗಿ 1 ಉಳಿಯುತ್ತದೆ. ಐದು ಹತ್ತಕ್ಕೆ 5 ಉಳಿಯಿತು. ಬಿಡಿ 3 ಹಾಗೆಯೇ ಇದೆ. ಉಳಿದದ್ದೆಲ್ಲ ಕೂಡಿದರೆ 1, 5, 3, ಅಂದರೆ ಸಂಖ್ಯೆಯ ಅಂಕಿಗಳೇ! ಮೊದಲೇ ಒಂಬತ್ತರಿಂದ ಗುಣಿಸಿದ್ದರಿಂದ ಒಟ್ಟು ಹಣ ಪೂರ್ತಿ ಕಟ್ಟುಗಳಾಗಲೇಬೇಕು. ಹಾಗಾಗಿ ಉಳಿದ ಚಿಲ್ಲರೆಯೂ ಒಂಬತ್ತರ ಕಟ್ಟೇ ಆಗಬೇಕು. 9 ಬಾರದೆ ಇನ್ನೇನು ಬರುತ್ತದೆ? ಗ್ರಹದ ನೆಪ ಹೇಳಿ ಒಂಬತ್ತರಿಂದ ಗುಣಿಸಲು ಹೇಳಿದಾಗಲೇ ಅವನ ಕೆಲಸ ಮುಗಿದಿತ್ತು. ಅವನು ಅಮ್ಮನ ತಾರೀಖನ್ನು ತಿಳಿದಿರಲೇ ಇಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

ಬೆಳಗಿನ ಜಾವ ಎಲ್ಲರೂ ಸ್ನಾನಕ್ಕೆ ಎದ್ದಾಗ ಇವರಿಗೆ ಓಲೆಯ ವಿಷಯ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ಸಿಲು ತೆಗೆದುಕೊಂಡು ತಮ್ಮ ಸ್ಕೂಟರಿನ ನಂಬರನ್ನು ಒಂಬತ್ತರಿಂದ ಗುಣಿಸಿದರು. ಆಫೀಸಿನ ಬಾಗಿಲಿನ ನಂಬರು, ಹುಟ್ಟಿದ ವರ್ಷ, ಎಲ್ಲ ಗುಣಿಸಿದರು. ಎಲ್ಲದಕ್ಕೂ 9. "ನಾನು ಮನೇಲಿದ್ದಿದ್ರೂ ಕೊಟ್ಟುಬಿಡ್ತಿದ್ವೇನೋ ಕಣೇ" ಎಂದರು. ಸ್ವಲ್ಪ ಬಿಟ್ಟು, "ಮೋರಿ ಕೆಸರು ತೆಗೆಸಿದ್ದು ಮಾತ್ರ ಮರೆಯಲ್ಲ" ಎಂದು ನಕ್ಕರು. ನನಗೆ ಅಳು ಬಂತು. ನಾಲ್ಕು ವರ್ಷ ಹೊತ್ತಿದ್ದ ಭಾರ ಇಳಿಯಿತು. ಓಲೆ ಹೋದದ್ದು ಹೋಯಿತೇ.

ಚೀಟಿ ಕೊಟ್ಟವರನ್ನು ಕೇಳಬೇಕಾದ್ದು

ದೇವರು, ಪೂಜೆ, ನಂಬಿಕೆ ಅವರವರಿಗೆ ಬಿಟ್ಟ ವಿಷಯ. ಅದನ್ನು ನಾನಿಲ್ಲಿ ಎತ್ತುವುದಿಲ್ಲ. ಆದರೆ ಮಡಿಸಿದ ಚೀಟಿ ತೋರಿಸಿ ಬಂಗಾರ, ಹಣ ಕೇಳುವವರು ಬಾಗಿಲಿಗೆ ಬಂದರೆ ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ.

ಮೊದಲನೆಯದು, ಚೀಟಿ ಬರೆದ ಮೇಲೆ ನನ್ನಿಂದ ಏನೇನು ಮಾಡಿಸಿದ? ಗುಣಿಸು, ಕೂಡು, ಕಳೆ, ಜೋಡಿ ಮಾಡು ಎಂದು ಮಾಡಿಸಿದ್ದರೆ ಗುಟ್ಟು ಆ ಕೆಲಸದಲ್ಲಿಯೇ ಇದೆ.

ಎರಡನೆಯದು, ನಾನು ಬೇರೆ ಸಂಖ್ಯೆ ಹಿಡಿದಿದ್ದರೆ ಏನು ಬರುತ್ತಿತ್ತು? "ಸ್ವಲ್ಪ ತಾಳಿ" ಎಂದು ಹೇಳಿ, ಇನ್ನೊಂದು ಸಂಖ್ಯೆ ಹಿಡಿದು ಅವರೆದುರಿಗೇ ಮಾಡಿ ನೋಡಿ. ಮತ್ತೆ ಅದೇ ಬಂದರೆ ನಿಮ್ಮ ಮನಸ್ಸನ್ನು ಯಾರೂ ಓದಿಲ್ಲ. ನಾನು ಅವತ್ತು ಎರಡನೇ ಸಲ ಗುಣಿಸಿದ್ದರೆ ಓಲೆ ಕಿವಿಯಲ್ಲೇ ಇರುತ್ತಿತ್ತು.

ಮೂರನೆಯದು, ಚೀಟಿ ಸರಿಯಾಯಿತು ಎಂದೇ ಇಟ್ಟುಕೊಳ್ಳೋಣ. ಅದಕ್ಕೂ ಅವನು ಕೇಳುವ ಬಂಗಾರಕ್ಕೂ ಏನು ಸಂಬಂಧ? ನನ್ನ ಮೈದುನನ ಎರಡೂ ಚೀಟಿ ಸರಿಯಾಗಿದ್ದವು. ಆದರೆ ಅವನು ಕೇಳಿದ್ದು ಇನ್ನೊಂದು ಲೋಟ ಕಾಫಿ.

ಇನ್ನು ಮಕ್ಕಳ ವಿಷಯ. ಬೇಸಿಗೆ ರಜದಲ್ಲಿ ಮನೆ ತುಂಬ ಮಕ್ಕಳು ಸೇರಿದಾಗ ಈ ಇಸ್ಪೀಟಿನ ಆಟ ಮಾಡಿ ತೋರಿಸಿ. ಒಂದು ಗಂಟೆಯಾದರೂ ಮೊಬೈಲು ಮೂಲೆ ಸೇರುತ್ತದೆ. ಅವರು ಹುಡುಕಲಿ, ಎಣಿಸಲಿ, ತಪ್ಪಲಿ. ಕಡೆಗೂ ತಿಳಿಯದೆ "ಗುಟ್ಟು ಹೇಳಮ್ಮಾ" ಎಂದು ಸೆರಗು ಹಿಡಿದಾಗ ಬಚ್ಚಿಡಬೇಡಿ, ಕೂರಿಸಿಕೊಂಡು ಹೇಳಿಕೊಡಿ. ನಮ್ಮ ಮನೆಗೆ ಚೀಟಿ ಬರೆದುಕೊಟ್ಟವರು ಇಬ್ಬರು. ಒಬ್ಬ ಗುಟ್ಟನ್ನು ತನ್ನಲ್ಲೇ ಇಟ್ಟುಕೊಂಡು ಓಲೆ ತೆಗೆದುಕೊಂಡು ಹೋದ. ಇನ್ನೊಬ್ಬ ಗುಟ್ಟನ್ನು ನಮಗೇ ಬಿಟ್ಟು ಹೋದ.